ಬಿಟ್ಟ ಬಿಳಿ

ಬೋಟು ಕಡಲಿಗಿಳಿಯದ ಎರಡು ತಿಂಗಳು ನನಗೆ ಸುಗ್ಗಿ.
ಮಲ್ಪೆ ಧಕ್ಕೆಯ ಬದಿ ಅವು ಹೊಟ್ಟೆ ತೋರಿಸಿ ನಿಂತಾಗ
ಎನಾಮೆಲ್ ಡಬ್ಬ, ಟರ್ಪಂಟೈನ್ ನಾತ, ಹಲ್ಲಲ್ಲಿ ಕಚ್ಚಿದ ಬ್ರಶ್ಶು.
ಹದಿನಾರನೇ ವಯಸ್ಸಿಂದ ಬರೆದೆ ಹೆಸರು:
ಮತ್ಸ್ಯಜ್ಯೋತಿ, ಜಲರಾಣಿ,
ದೀರ್ಘ ತಪ್ಪಿದ ಒಂದು ಸಿಂಧುರಲಕ್ಷ್ಮಿ.
ಅಕ್ಷರಕ್ಕೆ ನೆರಳು ಬೇಕಾದರೆ ಹತ್ತು ರೂಪಾಯಿ ಹೆಚ್ಚು.
ಒಂದು ಕೋಟಿನ ಮೇಲೆ ಇನ್ನೊಂದು ಕೋಟು;
ತಪ್ಪಿದರೇನು, ತಪ್ಪಿನ ಮೇಲೂ ಒಂದು ಕೋಟು.

ಸಾಲಿನ್ಸ್ ಮಾಸ್ಟ್ರು ಬಂದದ್ದು ಆ ಹೊತ್ತಿಗೆ.
ಮಡಚುವ ಸ್ಟೂಲು, ಕಂಪಾಸಿನಷ್ಟು ದೊಡ್ಡ ಬಣ್ಣದ ಪೆಟ್ಟಿಗೆ,
ಹಾರ್ಲಿಕ್ಸ್ ಬಾಟಲಿಯಲ್ಲಿ ನೀರು.
ಅರ್ಧ ಗಂಟೆ. ಕಾಗದದ ಮೇಲೆ ನಮ್ಮ ಧಕ್ಕೆ
ಒದ್ದೆಯಾಗಿ ಎದ್ದು ಕೂತಿತು.
ಕೇಳಿದೆ: ಬಿಳಿ ಡಬ್ಬ ಎಲ್ಲುಂಟು?
ನಕ್ಕರು. "ಬಿಳಿ ಹಚ್ಚುವುದಲ್ಲ ಮಾರಾಯ, ಬಿಡುವುದು."

ಬಿಡುವುದು ಕಲಿಯಲಿಕ್ಕೆ ಆರು ವರ್ಷ ಹಿಡಿಯಿತು.
ಕಲ್ಮಾಡಿ ಹೊಳೆಬದಿಯಲ್ಲಿ, ಭಾನುವಾರ ಭಾನುವಾರ,
ನೀಲಿ ಇಟ್ಟರೆ ನೀಲಿ ಓಡಿತು, ತಡೆದರೆ ಕೆಸರಾಯಿತು;
ದೋಣಿಗಿಂತ ಮೊದಲು ದೋಣಿಯ ನೆರಳು ಮುಳುಗಿತು.
ಹಾಳಾದ ಹಾಳೆಗಳಲ್ಲಿ ಅಮ್ಮ ಮೀನು ಕಟ್ಟಿಕೊಟ್ಟಳು.
ಯಾರದೋ ಅಡುಗೆಮನೆಯಲ್ಲಿ ನನ್ನ ಮೋಡ
ಬಂಗುಡೆಯ ರಕ್ತ ಹೀರಿ
ಕೊನೆಗೂ ಸರಿಯಾಗಿರಬಹುದು.

ಒಂದನ್ನು ಮಾತ್ರ ಎತ್ತಿ, ದೂರ ಹಿಡಿದು ಅಂದಿದ್ದಳು:
"ಇದೆಂಥ, ಐಸು ಕರಗಿದ ಹಾಗುಂಟು."
ಮಾಸ್ಟ್ರಿಗೆ ಹೇಳಿದೆ. ತುಂಬ ಹೊತ್ತು ಸುಮ್ಮನಿದ್ದು,
"ನನ್ನ ಚಿತ್ರಕ್ಕೆ ಯಾರೂ ಇಷ್ಟು ಸರಿಯಾಗಿ ಹೇಳಿಲ್ಲ" ಎಂದರು.

ಆಮೇಲೊಂದು ದಿನ, ಬಲೆ ಹೆಣೆಯುವವನ ಬನಿಯನ್ನಿನ ಮೇಲೆ
ಬ್ರಶ್ಶು ಹೋಗಲಿಲ್ಲ.
ಹೋಗದ ಜಾಗವೇ ಬಿಸಿಲಾಯಿತು.
ನಾನು ಮಾಡಿದ್ದಲ್ಲ ಅದು;
ಮಾಡದೆ ಇರಲು ಆ ಒಂದು ಸಲ ನನ್ನಿಂದ ಆಯಿತು.

ಆ ಆಗಸ್ಟಿನಲ್ಲಿ ಸಾಧು ತಿಂಗಳಾಯರು ಬೋಟಿನ ಮುಂದೆ ನಿಂತು ಕೇಳಿದರು:
"ಈ 'ಜ್ಯೋ'ದ ಹೊಟ್ಟೆಯಲ್ಲಿ ಬಣ್ಣ ಹೋಗಿದೆಯಲ್ಲ?"
ಹೋದದ್ದಲ್ಲ ಸಾವುಕಾರ್ರೇ, ಬಿಟ್ಟದ್ದು.
ಬಿಟ್ಟದ್ದಕ್ಕೆ ಐವತ್ತು ರೂಪಾಯಿ ಬಿಟ್ಟು ಕೊಟ್ಟರು.

ಮಾಸ್ಟ್ರು ತೀರಿದ ಮೇಲೆ ಅವರ ಮಗಳು ಕರೆದು
ಒಂದು ಬಿಸ್ಕತ್ ಡಬ್ಬ ಕೈಗಿಟ್ಟಳು: ಎಣ್ಣೆ ಬಣ್ಣದ ಟ್ಯೂಬುಗಳು,
ಅರ್ಧಕ್ಕರ್ಧ ಕಲ್ಲಾದವು. ಅವರು ಒಮ್ಮೆಯೂ ಹೇಳಿರಲಿಲ್ಲ.
ಎಣ್ಣೆ ನನ್ನ ಹಳೇ ಊರು ಅಂದುಕೊಂಡು ಹೋದೆ;
ಊರಲ್ಲಿ ಯಾರಿಗೂ ನನ್ನ ಗುರ್ತ ಇಲ್ಲ.
ಎನಾಮೆಲ್ ಸಂಜೆಗೆ ಒಣಗುತ್ತಿತ್ತು,
ಇದು ಆಟಿ ಕಳೆದರೂ ಬೆರಳಿಗೆ ಅಂಟು.
ಕ್ಯಾನ್ವಾಸಿನ ಹಿಂದೆ ಬೂಸು ಹಿಡಿದು ಇನ್ನೊಂದು ಚಿತ್ರ ಬೆಳೆಯಿತು.

ಅಮ್ಮನನ್ನೇ ಬರೆಯಲು ಕೂತೆ. ಕತ್ತಿಮಣೆ, ಬುಟ್ಟಿ, ಅವಳು.
ಹಣೆಯಲ್ಲಿ ಬೆಳಕು ಬೇಕೆಂದು ಬಿಟ್ಟೆ, ಕಲಿತ ಹಾಗೆ;
ಎಣ್ಣೆಯಲ್ಲಿ ಬಿಟ್ಟದ್ದು ಬೆಳಕಲ್ಲ, ಬೋಳು.
ಇಲ್ಲಿ ಬಿಳಿಯನ್ನೂ ತಂದು ಇಡಬೇಕು,
ಕತ್ತಲಿನ ಮೇಲೆ, ಸಾಲದ ಮೇಲೆ ಬಡ್ಡಿಯ ಹಾಗೆ.
ಇಟ್ಟೆ, ಕೆರೆದೆ. ಇಟ್ಟೆ, ಕೆರೆದೆ. ಮೂರು ವರ್ಷ.
ಮುಖಕ್ಕೆ ವಯಸ್ಸಾದದ್ದು ನನ್ನ ಚಾಕುವಿನಿಂದಲೋ
ಅವಳಿಗೇ ಆಗುತ್ತಿತ್ತೋ, ಈಗ ಹೇಳಲಾರೆ.

ಮಾರ್ಕೆಟ್ಟಿಂದ ಬಂದವಳು ಒಂದು ದಿನ ಬುಟ್ಟಿ ಇಳಿಸಿ,
ಕೈ ತೊಳೆಯದೆ, ಹತ್ತಿರ ಬಂದಳು.
"ಇದು ನಾನಲ್ಲ, ನಮ್ಮಕ್ಕ."
ಮತ್ತೆ ಸ್ವಲ್ಪ ಬಿಟ್ಟು: "ಕೈ ಮಾತ್ರ ನಂದೇ."
ಒಣಗಿತಾ ಎಂದು ಕೆನ್ನೆಗೆ ಹೆಬ್ಬೆರಳು ಒತ್ತಿದಳು.
ಒಣಗಿರಲಿಲ್ಲ.
ಅಲ್ಲೊಂದು ಗುಳಿ ಬಿತ್ತು, ಗುಳಿಯಲ್ಲಿ
ಬೂತಾಯಿಯ ಒಂದು ಹುರುಪೆ ಅಂಟಿಕೊಂಡಿತು.

ಚಾಕು ಎತ್ತಿದ್ದೆ. ಕೆಳಗಿಟ್ಟೆ.

ಈಗಲೂ ಅಲ್ಲೇ ಉಂಟು.
ಮೂರು ಗಂಟೆಯ ಬಿಸಿಲು ಕಿಟಕಿಗೆ ಬಂದರೆ
ನನ್ನ ಯಾವ ಬಿಳಿಗೂ ಬಾರದ ಹೊಳಪು.
ಮಳೆಗಾಲದಲ್ಲಿ ಸ್ವಲ್ಪ ನಾತ.