ಹನ್ನೆರಡು-ಹದಿಮೂರು

ಡೈರಿ ಸರ್ಕಲ್ಲಿನಿಂದ ಎಡಕ್ಕೆ ಮೂರನೇ ಶಟರು,
ಕಾಳಾಚಾರಿ ಟೂ ವೀಲರ್ ವರ್ಕ್ಸ್. ಭಾನುವಾರ ರಜೆ,
ಅಂದರೆ ಶಟರು ಮೊಣಕಾಲೆತ್ತರಕ್ಕೆ ಮಾತ್ರ ತೆರೆದಿರುತ್ತದೆ.
ಬಗ್ಗಿ ನುಗ್ಗಬೇಕು.
ಯಾವ ದೇವರೆದುರೂ ಇಷ್ಟು ಬಗ್ಗಿದವಳಲ್ಲ ನಾನು.

ಒಳಗೆ ಗೋಡೆ ತುಂಬ ಆಲೂಗಡ್ಡೆ ಚೀಲ,
ಸದ್ದು ಬೀದಿಗೆ ಹೋಗದಿರಲೆಂದು ಮುಜಮ್ಮಿಲ್ ಮಂಡಿಯಿಂದ ತಂದು ಹೊಡೆದದ್ದು.
ಸದ್ದು ಹೋಗುತ್ತದೆ. ಚೀಲದ ಮಣ್ಣು ಮಾತ್ರ
ಡ್ರಮ್ಮಿನ ಏಟಿಗೊಂದು ಚಿಟಿಕೆಯಂತೆ ನಮ್ಮ ತಲೆಗೆ.

ನಾವು ನಾಲ್ಕು ಜನ, ಪೆನ್‌ಡ್ರೈವು ಏಳು.
ಸರ್ವಿಸ್ ಬಿಲ್ಲಿನ ಬೆನ್ನಿಗೆ ಬ್ಯಾಂಡುಗಳ ಹೆಸರು,
ಹೊಟ್ಟೆಗೆ ಆಯಿಲ್ ಚೇಂಜು, ಕ್ಲಚ್ ಕೇಬಲ್ಲು, ಬಾಕಿ ನೂರಾ ಎಂಬತ್ತು.
ಹಾಡಿಗೆ ಮೂರು ಕಾರ್ಡು ಸಾಕೆಂಬುದು ನಮ್ಮ ಶಾಸ್ತ್ರ.
ಎರಡೇ ಸಾಕೆಂಬ ಪಂಗಡವೂ ಇದೆ,
ಅದರಲ್ಲಿ ಮುಜಮ್ಮಿಲ್ ಒಬ್ಬನೇ.

"ಒಸಾಕಾದ ಕಿವುಡು ಕಾಗೆಗಳು ಕೇಳ್ದ್ರಾ?" ಫೆಲಿಕ್ಸ್ ಶುರುಮಾಡುತ್ತಾನೆ.
ಅನುವಾದ ಅವನದೇ, ಮೂಲ ಯಾರ ನಾಲಿಗೆಗೂ ಹತ್ತುವುದಿಲ್ಲ.
"ಒಂದು ನಿಮಿಷ ನಲವತ್ತು ಸೆಕೆಂಡು, ಮುಗೀತು. ಓಡೋ ಬಸ್ಸಿಂದ ಹಾರಿದಂಗೆ."
"ನಲವತ್ತು ಸೆಕೆಂಡು ಜಾಸ್ತಿ ಆಯ್ತು," ಅನ್ನುತ್ತಾನೆ ಧರಣೇಂದ್ರ,
ಬ್ಯಾಂಕಿನಲ್ಲಿ ಕ್ಯಾಷಿಯರು, ಎಣಿಕೆಯಲ್ಲಿ ಕರುಣೆಯಿಲ್ಲ.
ಅವನ ಶಿಫಾರಸು ಲೀಮಾದ ಮೂವರು ಹೆಂಗಸರು.
ವರ್ಷಕ್ಕೊಮ್ಮೆ ನುಡಿಸುತ್ತಾರಂತೆ, ಹಾಸನಾಂಬೆ ಬಾಗಿಲು ತೆಗೆದ ಹಾಗೆ.
ಮುಚ್ಚಿದ ಮೇಲೂ ವರ್ಷಪೂರ್ತಿ
ಕಿವಿಯೊಳಗೆ ದೀಪ ಉರಿಯುತ್ತಿರುತ್ತದಂತೆ.

ಮೂಲೆಯಲ್ಲಿ ರಜೆಗೂ ಬಗ್ಗದ ಕಾಳಾಚಾರಿ
ಯಾರದೋ ಎಂಜಿನ್ ಬಿಚ್ಚುತ್ತ, ತಲೆಯೆತ್ತದೆ:
"ಈ ಪಾರ್ಟಿದು ಟ್ಯಾಪೆಟ್ ಲೂಸು."
ಬರೆದುಕೊಳ್ಳುತ್ತೇವೆ. ಇದಕ್ಕಿಂತ ಸರಿಯಾದ ವಿಮರ್ಶೆ
ಎರಡು ವರ್ಷದಲ್ಲಿ ನಮ್ಮಲ್ಲಿ ಯಾರೂ ಮಾಡಿಲ್ಲ.

ಆವತ್ತು ನನ್ನ ಸರದಿ. ನನ್ನ ಹತ್ತಿರ ಏನೂ ಇರಲಿಲ್ಲ.
ವಾರವಿಡೀ ಲ್ಯಾಬಿನಲ್ಲಿ ಡೆಂಗಿ ಸ್ಯಾಂಪಲ್ಲು,
ಸೆಂಟ್ರಿಫ್ಯೂಜಿನ ಗುಂಯ್ ಬಿಟ್ಟು ಬೇರೇನೂ ಕೇಳಿರಲಿಲ್ಲ.
ಆಚಾರಿಯ ಕೈಯ ಸ್ಪಾನರು ಕಂಡಿತು.
"ಹನ್ನೆರಡು-ಹದಿಮೂರು," ಅಂದುಬಿಟ್ಟೆ.
"ಯಾವೂರು?"
"ಇಲ್ಲೇ. ಗೌರಿಕೊಪ್ಪಲು."

ಸುಳ್ಳಿಗೆ ಇಳಿಜಾರು ಸಿಕ್ಕರೆ ಪೆಟ್ರೋಲು ಬೇಡ.
ಒಂದೇ ಗಿಟಾರು, ಅದರಲ್ಲಿ ನಾಲ್ಕೇ ತಂತಿ.
ಹಾಡುವವಳು ಕೆಮ್ಮಿದ್ದನ್ನೂ ಹಾಗೇ ಬಿಟ್ಟಿದ್ದಾರೆ.
ಎಲ್ಲೂ ಸಿಗಲ್ಲ, ಕೈಯಿಂದ ಕೈಗೇ ಬರಬೇಕು.
ಮೂರು ಮುಖಗಳಲ್ಲಿ ಹೊಟ್ಟೆಕಿಚ್ಚು ನೋಡಿ
ಮನೆಗೆ ಹೋಗಿ ಚೆನ್ನಾಗಿ ಊಟಮಾಡಿದೆ.

ಮೂರು ವಾರ ಬಿಟ್ಟು ಫೆಲಿಕ್ಸ್ ಬಗ್ಗಿ ಒಳಬಂದ,
ಕೊಂಚ ತಡವಾಗಿ, ಕೊಂಚ ಜಂಬದಲ್ಲಿ:
"ಸಿಕ್ತು ಕಣೆ. ಎರಡನೇ ಹಾಡು ಬೆಂಕಿ."
ನನ್ನೆದೆ ಧಸಕ್ಕೆಂದಿತು.
ಮುಜಮ್ಮಿಲ್ ಬಿಡುವನೇ? "ಡ್ರಮ್ಮರು ನಮ್ಮ ಖಾಲಾ ಮನೆ ಹಿಂದೇ ಇರೋದು.
ಬಕೆಟ್ ಮೇಲೆ ಕಲ್ತೋನು."
ಧರಣೇಂದ್ರ ಕಣ್ಣು ಮುಚ್ಚಿ ಕೂಡಿಸಿದ:
"ಐದು ಹಾಡು. ಒಟ್ಟು ಏಳು ನಿಮಿಷ ಹತ್ತು ಸೆಕೆಂಡು."
ನಾನೇನು ಹೇಳಲಿ?
"ಐದನೇದು ಸ್ವಲ್ಪ ಅವಸರ ಆಯ್ತು," ಅಂದೆ.

ಯಾರೂ ನಗಲಿಲ್ಲ. ಯಾವ ಹಾಡೂ ಇಲ್ಲದೆ
ಚೀಲದಿಂದ ಒಂದು ಚಿಟಿಕೆ ಮಣ್ಣು ಉದುರಿತು.

ಕಾಳಾಚಾರಿ ವೇಸ್ಟಿನಲ್ಲಿ ಕೈ ಒರೆಸಿಕೊಂಡು ಮೊದಲ ಸಲ ನಮ್ಮತ್ತ ತಿರುಗಿದರು:
"ಯಾರ್ರಪ್ಪಾ ಅವರು, ನನ್ ಸ್ಪಾನರ್ ಹೆಸರು ಇಟ್ಕೊಂಡೋರು?
ಒಂದ್ಸಲ ಕರ್ಕೊಂಡ್ ಬನ್ನಿ."

ಮುಂದಿನ ಭಾನುವಾರ
ಫೆಲಿಕ್ಸ್ ಚರ್ಚಿನ ಕ್ವಾಯರಿನಿಂದ ಗಿಟಾರು ತಂದ. ತಂತಿ ಆರು.
ಎರಡನ್ನು ಬಿಚ್ಚಿ, ಸುತ್ತಿ ಜೇಬಿಗಿಟ್ಟ, ವಾಪಸು ಕೊಡಬೇಕಲ್ಲ.
ಮುಜಮ್ಮಿಲ್ ಬಕೆಟ್ಟು ಮಗುಚಿದ.
ಧರಣೇಂದ್ರ ಗಡಿಯಾರ ಬಿಚ್ಚಿ ಎದುರಿಗಿಟ್ಟುಕೊಂಡ.
ನನಗೆ ಕೆಮ್ಮು ಬರಲಿಲ್ಲ,
ಬೇಕಾದಾಗ ಬರುವುದಿಲ್ಲ ಅದು.

ಎರಡನೇ ಹಾಡು ಬೆಂಕಿಯೆಂದು ಎಲ್ಲರಿಗೂ ಗೊತ್ತು.
ಹಾಗಾದರೆ ಮೊದಲನೆಯದು ಅಷ್ಟಕ್ಕಷ್ಟೇ ಇರಬೇಕು.
ಅದರಿಂದ ಶುರುಮಾಡಿದೆವು.