ಒಂದು ಗಂಟೆಯವರೆಗೆ

ಭಾನುವಾರ ಮನೆ ನೋಡಲು ಹೋದಾಗ
ಬಾಗಿಲಲ್ಲೇ ಬುಟ್ಟಿ ತುಂಬ ನೀಲಿ ಪ್ಲಾಸ್ಟಿಕ್ ಚೀಲ.
ಬೂಟಿನ ಮೇಲೆ ಅದನ್ನು ತೊಟ್ಟು
ಹದಿನಾಲ್ಕು ಜನ ಸರಬರ ಓಡಾಡಿದೆವು
ಒಂದೇ ಕೊಳದ ಬಾತುಗಳ ಹಾಗೆ,
ಯಾರೂ ಯಾರ ಮುಖವನ್ನೂ ನೋಡದೆ.

ಎರಡನೇ ಮಹಡಿ. ಅರವತ್ತೆರಡು ಚದರ ಮೀಟರು.
ಅಡುಗೆಮನೆ ಕಿಟಕಿಯಿಂದ ನಾರ್ವಿಕ್ ಬಂದರು,
ಅದಿರಿನ ರೈಲು ಬಂದಾಗ ಗಾಜು ಸಣ್ಣಗೆ ನಡುಗುತ್ತದೆ.
ಆಸ್‌ಬ್ಯೋರ್ನ್ ನಲ್ಲಿ ತಿರುಗಿಸಿದ, ಗೋಡೆ ತಟ್ಟಿದ,
ಏನೋ ತಿಳಿದವನಂತೆ 'ಹೂಂ' ಎಂದ.
ಆರು ವರ್ಷದ ಈಬೆನ್ ಕೋಟು ತೂಗುಹಾಕುವ ಗೂಡಿನೊಳಗೆ ಕೂತು
ಬಾಗಿಲು ಎಳೆದುಕೊಂಡು ಒಳಗಿಂದ ಹೇಳಿದಳು:
ಇದು ನನ್ನದು.

ಬ್ಯಾಂಕಿನ ಹುಡುಗನಿಗೆ ಇನ್ನೂ ಸರಿಯಾಗಿ ಗಡ್ಡ ಬಂದಿಲ್ಲ.
ಬಡ್ಡಿ ಇನ್ನು ಮೂರು ಪರ್ಸೆಂಟ್ ಏರಿದರೂ
ನೀವು ತಡೆದುಕೊಳ್ಳುತ್ತೀರಿ ಎಂದ,
ಸೂಜಿ ಚುಚ್ಚುವ ಮೊದಲು ನರ್ಸ್ ಹೇಳುವ ದನಿಯಲ್ಲಿ.
ಊಟಕ್ಕೆ ಇಷ್ಟು, ಬಟ್ಟೆಗೆ ಇಷ್ಟು,
ಮಗುವಿಗೆ ಇಷ್ಟು, ಎಲ್ಲಕ್ಕೂ ಅವನಲ್ಲಿ ಚೌಕವಿತ್ತು.
ಆಸ್‌ಬ್ಯೋರ್ನನ ದವಡೆಹಲ್ಲಿಗೆ ಇರಲಿಲ್ಲ.

ರಾತ್ರಿ, ಅಂಗಡಿ ಬಿಲ್ಲಿನ ಬೆನ್ನ ಮೇಲೆ ಲೆಕ್ಕ.
ಬಾಡಿಗೆ ಕಳೆ. ಚಳಿಗಾಲದ ಕರೆಂಟು ಕೂಡಿಸು.
ಚಾವಣಿ ಹೊದಿಸಲು ಇಡೀ ಕಟ್ಟಡ ಮಾಡಿದ ಸಾಲದಲ್ಲಿ
ನಮ್ಮ ಪಾಲನ್ನೂ ಕೂಡಿಸು.
ನಾವು ಹುಟ್ಟಿಸದ ಸಾಲಕ್ಕೂ ನಾವೇ ಅಪ್ಪ ಅಮ್ಮ.
ಕೊನೆಗೆ ಒಂದು ಸಂಖ್ಯೆಯ ಕೆಳಗೆ ಎರಡು ಗೆರೆ:
ಇಪ್ಪತ್ತಾರು ಲಕ್ಷ ನಲವತ್ತು ಸಾವಿರ ಕ್ರೋನರ್.
ಇದರ ಮೇಲೆ ಒಂದು ಕಾಸೂ ಇಲ್ಲ, ಆಣೆ.
ಚೀಟಿ ಫ್ರಿಜ್ಜಿಗೇರಿತು.

ಸೋಮವಾರ. ವೃದ್ಧಾಶ್ರಮದ ಅಡುಗೆಮನೆ.
ನಲವತ್ತು ಜನಕ್ಕೆ ಮೀನಿನುಂಡೆ, ಬಿಳಿ ಸಾಸು.
ಏಪ್ರನ್ನಿನ ಜೇಬಿನಲ್ಲಿ ಫೋನು ಗುಂಯ್ ಎಂದಿತು.
ಇಪ್ಪತ್ತೈದು. ಇಪ್ಪತ್ತೈದೂವರೆ.
ಒಂದು ಕೈಯಿಂದ ಉಂಡೆ ಜಾರಿಸುತ್ತ
ಇನ್ನೊಂದರಿಂದ ಒತ್ತಿದೆ: ಇಪ್ಪತ್ತಾರು.
ಎದುರಿಗಿರುವವರಿಗೆ ಹೆಸರಿಲ್ಲ, ಸಂಖ್ಯೆ ಮೂರು ಅಷ್ಟೆ.
ಟೇಪು ಹಿಡಿದು ಸೋಫಾದ ಜಾಗ ಅಳೆಯುತ್ತಿದ್ದ ಒಂಟಿ ಹೆಂಗಸೇ?
ಅಪ್ಪನ ಜೊತೆ ಬಂದು, ಅಪ್ಪನನ್ನೇ ಮಾತಾಡಲು ಬಿಟ್ಟ ಹುಡುಗನೇ?
ಮೂರು ಅಂದಿತು: ಇಪ್ಪತ್ತಾರು ಇಪ್ಪತ್ತು.
ನಾನು: ಇಪ್ಪತ್ತಾರು ನಲವತ್ತು.
ಅಲ್ಲಿಗೆ ಚೀಟಿ ಮುಗಿಯಿತು.

ಮೂರು: ಇಪ್ಪತ್ತಾರು ಐವತ್ತು.
ಒಂದು ಗಂಟೆಯವರೆಗೆ ಸಮಯ.

ಬಂದರಿನಿಂದ ಆಸ್‌ಬ್ಯೋರ್ನ್ ಕೂಗಿದ, ಹಿಂದೆ ಯಂತ್ರಗಳ ಗದ್ದಲ:
ತೋರುನ್, ಇಪ್ಪತ್ತಾರು ಅರವತ್ತು ಅಂದುಬಿಡು,
ಇಪ್ಪತ್ತೇ ಸಾವಿರ ಜಾಸ್ತಿ, ಮೂವತ್ತು ವರ್ಷಕ್ಕೆ ಹಂಚಿದರೆ
ದಿನಕ್ಕೆ ಎರಡು ಕ್ರೋನರ್ ಕಣೇ, ಎರಡು!
ಬೇಲಿ ಹಾರುವಾಗ ಎಲ್ಲರೂ ಹೆಜ್ಜೆ ಎಣಿಸುವುದು ಹೀಗೇ.
ಮೂರು ಇನ್ನೂ ಹತ್ತು ಏರಿಸಿದರೆ? ಕೇಳಿದೆ.
ಅವನು ಸುಮ್ಮನಾದ. ರೈಲೊಂದು ಅವನ ಪರವಾಗಿ ಕೂಗಿತು.

ಒಂದಕ್ಕೆ ಐದು ನಿಮಿಷ. ಕಿಟಕಿಯಾಚೆ ಆಗಲೇ ಬೆಳಕು ಸೋರುತ್ತಿತ್ತು.
ಎರಡು, ಆರು, ಆರು, ಬರೆದೆ.
ಅಳಿಸಿದೆ. ಮತ್ತೆ ಬರೆದೆ.
ಅಷ್ಟರಲ್ಲಿ ಸಾಸು ತಳ ಹಿಡಿಯಿತು.
ಸೌಟು ಹಿಡಿದು ಓಡಿದೆ, ಒಲೆ ಆರಿಸಿದೆ,
ಸೀದದ್ದನ್ನು ಬಿಟ್ಟು ಮೇಲಿನದನ್ನು ಬೇರೆ ಪಾತ್ರೆಗೆ ಸುರಿದೆ,
ತಿರುಗಿ ನೋಡಿದರೆ ಒಂದು ಗಂಟೆ ಎರಡು ನಿಮಿಷ.

ಇದನ್ನು ನಿರ್ಧಾರ ಎನ್ನಬಹುದೇ, ಗೊತ್ತಿಲ್ಲ.
ಆಸ್‌ಬ್ಯೋರ್ನನಿಗೆ ನಿರ್ಧಾರ ಎಂದೇ ಹೇಳಿದೆ.
ಒಂದು ಕೈಯಲ್ಲಿ ಸೌಟು ತಿರುವುತ್ತಲೇ
ಇನ್ನೊಂದರಿಂದ ಒತ್ತಬಹುದಿತ್ತು.
ಅದನ್ನು ಹೇಳಲಿಲ್ಲ.

ಚೀಟಿ ಇನ್ನೂ ಫ್ರಿಜ್ಜಿನ ಮೇಲಿದೆ.
ಆ ಮಗ್ಗುಲಲ್ಲಿ ಹಾಲು, ಆಲೂಗಡ್ಡೆ, ಬಲ್ಬು ಮಾಸುತ್ತಿವೆ,
ನಮ್ಮ ಪೆನ್ನಿನ ಎರಡು ಗೆರೆ ಹಾಗೇ ಇವೆ.

ನನ್ನ ಗೂಡಿನಲ್ಲಿ ಈಗ ಯಾರಿದ್ದಾರೆ? ಈಬೆನ್ ಕೇಳಿದಳು.
ಮೂರು, ಎಂದೆ ಬಾಯಿತಪ್ಪಿ.
ಮೂರು ಜನವಾ?
ಸ್ವಲ್ಪ ಹೊತ್ತು ಯೋಚಿಸಿ ತಾನೇ ಅಂದಳು:
ಕೋಟು ಬಿಚ್ಚಿದರೆ ಹಿಡಿಸುತ್ತಾರೆ.