ಸದ್ದಿನ ಬಾಡಿಗೆ

ರಾತ್ರಿಯೆಲ್ಲ ಉರ್ವೆ ಕಾರ್ಖಾನೆಯಲ್ಲಿ
ರೈ ಹಿಟ್ಟಿನ ಕಪ್ಪು ಬ್ರೆಡ್ಡು ಸುಡುತ್ತಾಳೆ.
ಬೆಳಿಗ್ಗೆ ಏಳಕ್ಕೆ ಬಸ್ಸಿಳಿದು, ಬೂಟಿನ ಹಿಮ ಕೊಡವಿ,
ಕಿಟಕಿಗೆ ಕಂಬಳಿ ಇಳಿಬಿಟ್ಟು ಮಲಗುತ್ತಾಳೆ.
ಮಲಗುತ್ತಾಳೆ ಅಂದೆನೆ? ಮಲಗಲು ನೋಡುತ್ತಾಳೆ.

ಗೋಡೆಯ ಈಚೆ ನಾನು, ಅವಳ ಬಾಡಿಗೆಯವನು,
ಮತ್ತು ಯಾರೋ ಬಳಸಿ ಮಾರಿದ ನನ್ನ ಗ್ರಾಫಿಕ್ಸ್ ಕಾರ್ಡು.
ವಿಮಾನದಿಂದ ಲೇಸರ್ ಬಿಟ್ಟು ಅಳೆದ ಕಾಡು:
ನಲವತ್ತು ಕೋಟಿ ಚುಕ್ಕಿ.
ಇದು ಕೊಂಬೆ, ಇದು ಎಲೆ, ಇದು ಬರೀ ಹಿಮ ಎಂದು
ಒಂದೊಂದನ್ನೂ ಅದು ಗುರುತು ಹಿಡಿಯಬೇಕು.
ಸದ್ದೇ ಇಲ್ಲದ ಕಾಡೊಂದನ್ನು ಲೆಕ್ಕ ಹಾಕಲು
ಇಷ್ಟೊಂದು ಅರಚಾಟ.

ಒಳಗೆ ತೊಂಬತ್ತಮೂರು ಡಿಗ್ರಿ.
ಹೊರಗೆ ತಾರ್ತು ಊರು, ಮೈನಸ್ ಹದಿನೆಂಟು.
ಎಮಾಯೊಗಿ (ಇಲ್ಲಿಯ ಮಾತಲ್ಲಿ ತಾಯಿಹೊಳೆ)
ಹೆಪ್ಪುಗಟ್ಟಿ ಮಲಗಿದೆ, ನಾಯಿಗಳು ಅದರ ಮೇಲೆ ಓಡುತ್ತಿವೆ.
ಚಳಿ ಇಷ್ಟು ಪುಕ್ಕಟೆ ಬಿದ್ದಿರುವಲ್ಲಿ
ತಂಪಿಗೆಂದು ನಲವತ್ತು ಯೂರೋ ತೆರುವವನು
ನಾನೊಬ್ಬನೇ ಇರಬೇಕು.

ಮೊದಲು ಕಿಟಕಿ ತೆರೆದೇ ನೋಡಿದ್ದೆ.
ಕಾರ್ಡು ತಣ್ಣಗಾಯಿತು, ನನ್ನ ಬೆರಳೂ.
ಉರ್ವೆ ಬಿಸಿನೀರ ಕೊಳವೆಯ ಬಿಲ್ಲು ತಂದು
ಮಾತಿಲ್ಲದೆ ಮೇಜಿನ ಮೇಲಿಟ್ಟಳು.
ಮುಂದಿನ ತಿಂಗಳ ಬಾಡಿಗೆ ಚೀಟಿಯಲ್ಲಿ ಹೊಸ ಸಾಲು:
ಸದ್ದು, ಹತ್ತು ಯೂರೋ.

ಶನಿವಾರ ಬ್ರೆಡ್ಡು ಕೊಯ್ಯುವ ಹಲಗೆಯ ಮೇಲೆ
ಅದನ್ನು ಅಂಗಾತ ಮಲಗಿಸಿದೆ.
ರೇಸಿನ ಕಾರಿನಂಥ ಮುಖವಾಡ ಕಳಚಿದರೆ
ಕೆಳಗೆ ಎರಡೇ ಪುಟ್ಟ ಫ್ಯಾನು, ಒಂದರ ಬೇರಿಂಗು ಸವೆದು ಓಲಾಡುತ್ತಿತ್ತು.
ಧೂಳಿನ ಉಂಡೆಯೊಳಗೆ ಕಿತ್ತಳೆ ಬಣ್ಣದ ಕೂದಲು.
ಈ ಮನೆಯಲ್ಲಿ ಬೆಕ್ಕಿಲ್ಲ.
ಯಾರ ಮಡಿಲಲ್ಲಿ ಬೆಳೆದಿತ್ತೋ.

ಹಳೇ ಪೇಸ್ಟು ಗೋಡೆಸುಣ್ಣದಂತೆ ಚಕ್ಕೆ ಎದ್ದಿತ್ತು.
ಸ್ಪಿರಿಟ್ಟಿನಲ್ಲಿ ಒರೆಸಿದೆ, ಚಿಪ್ಪಿನಲ್ಲಿ ನನ್ನ ಮೂಗು ಕಾಣುವವರೆಗೆ.
ಹೊಸದು ಬಟಾಣಿಯಷ್ಟು, ಸಾಕು.
ನಾಲ್ಕು ಸ್ಕ್ರೂ, ಮೂಲೆಯಿಂದ ಎದುರು ಮೂಲೆಗೆ, ಅರ್ಧರ್ಧ ಸುತ್ತು;
ಒಂದೇ ಕಡೆ ಬಿಗಿದರೆ ಅಂಚು ಚಟ್ಟೆನ್ನುತ್ತದೆ.
ತಣ್ಣೀರನ್ನಾದರೂ ತಣಿಸಿ ಕುಡಿ ಅಂತಾರಲ್ಲ,
ಹಾಗೆ, ಗಡಿಬಿಡಿ ಇಲ್ಲದೆ.

ಆರು ತಾಮ್ರದ ಕೊಳವೆ, ಅಗಲವಾದ ಎರಡು ಫ್ಯಾನು.
ಭಾರಕ್ಕೆ ಕಾರ್ಡು ಬಾಗಿತು.
ಉರ್ವೆಯ ಜುನಿಪರ್ ಮರದ ಬೆಣ್ಣೆಚಾಕು ಒಂದನ್ನು
ಊರುಗೋಲು ಕೊಟ್ಟೆ, ಕೇಳದೆ.

ಶುರು ಮಾಡಿದರೆ ಶುರುವಾದದ್ದೇ ತಿಳಿಯಲಿಲ್ಲ.
ಬಗ್ಗಿ ನೋಡಿದೆ: ರೆಕ್ಕೆ ಎಣಿಸುವಷ್ಟು ನಿಧಾನ.
ಅರವತ್ತೊಂದು ಡಿಗ್ರಿ. ಕಾಡು ಮುಂದೆ ಸಾಗುತ್ತಿತ್ತು.
ಬೆಚ್ಚಗಾದ ಚಾಕುವಿನಿಂದ
ತುಸುವೇ ಜುನಿಪರ್ ವಾಸನೆ.

ಸೋಮವಾರ ಹನ್ನೊಂದಕ್ಕೆ ಬಾಗಿಲಲ್ಲಿ ಉರ್ವೆ,
ರಜಾಯಿ ಹೊದ್ದು, ಕಣ್ಣು ಕೆಂಪಗೆ.
‘ರೈಗೊ, ಅದು ಸತ್ತುಹೋಯಿತೆ?’
ಇಲ್ಲ, ನಡೀತಾ ಇದೆ.
ನಂಬದೆ, ಒಲೆಯಿಂದ ತೆಗೆದ ಬ್ರೆಡ್ಡನ್ನು ನೋಡುವಂತೆ
ಪೆಟ್ಟಿಗೆಯ ಬೆನ್ನಿಗೆ ಅಂಗೈ ಹಿಡಿದಳು.
ಹೂಂ, ಎಂದಳು, ಹೋಗಲಿಲ್ಲ.
‘ಮೇಲಿನ ಮನೆಯವರು ಜಗಳಾಡ್ತಾರೆ, ಗೊತ್ತಾ?
ಕಾರು ಮಾರುವ ಬಗ್ಗೆ. ದಿನಾ ಅದೇ.
ಪಕ್ಕದಲ್ಲಿ ಒಬ್ಬ ಕೆಮ್ಮುತ್ತಾನೆ, ಆಮೇಲೆ ನಿಲ್ಲಿಸುತ್ತಾನೆ,
ಮತ್ತೆ ಕೆಮ್ಮುವವರೆಗೆ ನಾನು ಕಾಯುತ್ತೇನೆ.
ನಿನ್ನ ಗಿರಣಿ ಇದನ್ನೆಲ್ಲ ಬೀಸಿ ಹಾಕುತ್ತಿತ್ತು.’

ಆ ಸಂಜೆ ಪರದೆಯ ಮೇಲೆ
ಫ್ಯಾನಿನ ಗೆರೆಯನ್ನು ಇಲಿಯಿಂದ ಹಿಡಿದು ಮೇಲೆಳೆದೆ:
ಬೆಳಿಗ್ಗೆ ಎಂಟರಿಂದ ಮೂರರವರೆಗೆ
ಚಿಪ್ಪಿಗೆ ಬೇಡದ ಗಾಳಿ.
ಹಳೆಯ ಕಿರುಚಲ್ಲ, ದೂರದ ರಸ್ತೆಯ ಮೊರೆತದಷ್ಟು.

ಈ ತಿಂಗಳ ಚೀಟಿಯಲ್ಲೂ ಆ ಸಾಲು ಇದೆ.
ಸದ್ದು, ಹತ್ತು ಯೂರೋ.
ಹತ್ತರ ಮುಂಚೆ ಪೆನ್ಸಿಲ್ಲಿನ ಸಣ್ಣದೊಂದು ಗೆರೆ.
ಮೈನಸ್ಸೋ, ನಿದ್ದೆಗಣ್ಣಲ್ಲಿ ಕೈ ಜಾರಿದ್ದೋ,
ನಾನು ಕೇಳಲಿಲ್ಲ.
ಬೆಣ್ಣೆಚಾಕು ಎಲ್ಲಿ ಅಂತ
ಅವಳೂ ಕೇಳಿಲ್ಲ.